ನಡುಮನೆಯ ಗೋಡೆಗೆ ನೀಲಿ ಬಂದ ಬಗೆ

ಹಳೆಯ ಹೆಂಚಿನ ಮನೆಯನ್ನು ಕೆಡವುವಾಗ ಗೋಡೆಯ ಸುಣ್ಣ ಹಪ್ಪಳದಂತೆ ಎದ್ದು ಬರುವುದನ್ನು ನೀವು ನೋಡಿರಬಹುದು. ಅದರ ಒಂದು ಚೂರನ್ನು ಕೈಗೆತ್ತಿಕೊಂಡು ಅಂಚನ್ನು ಗಮನಿಸಿ. ಒಂದರ ಮೇಲೊಂದು ಹತ್ತಾರು ತೆಳುವಾದ ಪದರಗಳು ಕಾಣುತ್ತವೆ. ಬಿಳಿ, ತಿಳಿನೀಲಿ, ಮತ್ತೆ ಬಿಳಿ, ಆಮೇಲೆ ಕಡುನೀಲಿ. ಒಂದೊಂದು ಪದರವೂ ಆ ಮನೆಯಲ್ಲಿ ನಡೆದ ಒಂದು ಹಬ್ಬ, ಇಲ್ಲವೇ ಒಂದು ಮದುವೆ.

ದೀಪಾವಳಿಗೋ ಯುಗಾದಿಗೋ ಊರ ಜಾತ್ರೆಗೋ ಮುಂಚೆ ಸುಣ್ಣ ಕಾರಣೆ ಮಾಡುವಾಗ ಒಳಗೋಡೆಗಳಿಗೆ ನೀಲಿ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನಮ್ಮ ಎಷ್ಟೋ ಊರುಗಳಲ್ಲಿ ರೂಢಿಯಾಗಿತ್ತು. ಈಗ ಪೇಟೆಯ ಮನೆಗಳಲ್ಲಿ ಕೋಣೆಯ ಒಂದು ಗೋಡೆಗೆ ಮಾತ್ರ ಗಾಢ ನೀಲಿ ಬಳಿಸುವುದು ಹೊಸ ಅಭಿರುಚಿ ಎನಿಸಿಕೊಂಡಿದೆ. ಆದರೆ ಈ ಅಭಿರುಚಿ ಹೊಸದೇನಲ್ಲ. ಬಡವರ ಮನೆಗೂ ಎಟುಕುವ ಬಣ್ಣವಾಗಿ ನೀಲಿ ಬಂದದ್ದು ಹೇಗೆ ಎಂಬುದೇ ಕುತೂಹಲದ ಕಥೆ.

ನೀಲಿ ಎಂದೊಡನೆ ನಮಗೆ ನೆನಪಾಗುವುದು ನೀಲಿಗಿಡ, 1917ರ ಚಂಪಾರಣ್ ಸತ್ಯಾಗ್ರಹ. ಆದರೆ ಗೋಡೆಯ ನೀಲಿ ಬಹುಮಟ್ಟಿಗೆ ಆ ಗಿಡದ್ದಲ್ಲ. ಗಿಡದ ನೀಲಿ ಬಟ್ಟೆಗೆ ಹೇಳಿ ಮಾಡಿಸಿದ ಬಣ್ಣ. ಗೋಡೆಗೆ ಬಳಿದರೆ ಬಿಸಿಲಿಗೆ ಮಾಸುತ್ತದೆ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಆಕಸ್ಮಿಕವಾಗಿ ಸಿಕ್ಕಿದ ‘ಪ್ರಷ್ಯನ್ ನೀಲಿ’ ಎಣ್ಣೆಬಣ್ಣಕ್ಕೆ ಸೊಗಸಾಗಿ ಒಗ್ಗಿತು. ಆದರೆ ಸುಣ್ಣದ ಕ್ಷಾರಕ್ಕೆ ಅದು ನಿಲ್ಲುವುದಿಲ್ಲ, ತುಕ್ಕಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಸುಣ್ಣದ ಜೊತೆ ಬಾಳಬಲ್ಲ ನೀಲಿಯೇ ಬೇರೆ. ಅದರ ಹೆಸರು ‘ಅಲ್ಟ್ರಾಮರೀನ್’, ಎಂದರೆ ಕಡಲಾಚೆಯದು.

ಈ ಹೆಸರು ಕೊಟ್ಟವರು ಯೂರೋಪಿನವರು. ಸಂಸ್ಕೃತದಲ್ಲಿ ರಾಜಾವರ್ತ ಎನ್ನುವ ಲ್ಯಾಪಿಸ್ ಲಾಜುಲಿ ಕಲ್ಲು ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ಅವರಿಗೆ ಸಮುದ್ರ ದಾಟಿ ಬರುತ್ತಿತ್ತು. ಅದನ್ನು ಅರೆದು, ನೀಲಿಯನ್ನಷ್ಟೇ ಬೇರ್ಪಡಿಸುವುದು ಬಹಳ ಶ್ರಮದ ಕೆಲಸ. ನಮ್ಮ ಅಜಂತಾ ಗುಹೆಗಳ ಭಿತ್ತಿಚಿತ್ರಗಳಲ್ಲಿ ಕಾಣುವ ನೀಲಿಯೂ ಇದೇ ಕಲ್ಲಿನದು. ಯೂರೋಪಿನಲ್ಲಿ ಇದು ಚಿನ್ನದಂತೆ ತೂಗಿ ಕೊಳ್ಳುವ ಬಣ್ಣವಾಗಿತ್ತು. ಮೇರಿ ಮಾತೆಯ ಮೇಲುಹೊದಿಕೆಯಂಥ ಪವಿತ್ರ ಭಾಗಗಳಿಗೆ ಚಿತ್ರಕಾರರು ಅದನ್ನು ಮೀಸಲಿಡುತ್ತಿದ್ದರು. ಅಂಥ ಬಣ್ಣವನ್ನು ರೈತನೊಬ್ಬ ತನ್ನ ಮನೆಯ ಗೋಡೆಗೆ ಬಳಿಯುವುದು ಕನಸಿನ ಮಾತು.

ಆ ಕನಸು ನನಸಾದದ್ದು ಕುಲುಮೆಯಲ್ಲಿ. 1824ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹಕ ಸಂಘವೊಂದು, ಕಿಲೋಗೆ 300 ಫ್ರಾಂಕ್ ಮೀರದಂತೆ ಕೃತಕ ಅಲ್ಟ್ರಾಮರೀನ್ ತಯಾರಿಸುವವರಿಗೆ 6,000 ಫ್ರಾಂಕ್ ಬಹುಮಾನ ಸಾರಿತು. 1828ರಲ್ಲಿ ಬಹುಮಾನ ಜಾನ್ ಬ್ಯಾಪ್ಟಿಸ್ಟ್ ಗಿಮೆ ಎಂಬಾತನಿಗೆ ಸಂದಿತು. ಅದೇ ವರ್ಷ ಜರ್ಮನಿಯ ಕ್ರಿಶ್ಚಿಯನ್ ಗ್ಮೆಲಿನ್ ತನ್ನದೇ ವಿಧಾನವನ್ನು ಪ್ರಕಟಿಸಿದ. ಬೇಕಾದ ಸಾಮಗ್ರಿಗಳಾದರೂ ಏನು? ಬಿಳಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು. ಇವನ್ನು ಬೆರೆಸಿ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನಿಧಾನವಾಗಿ ಆರಿಸಿದರೆ ಬದಕ್ಷಾನಿನ ಕಲ್ಲಿನ ನೀಲಿಯೇ ದೊರೆಯುತ್ತದೆ. ಜೇಡಿಮಣ್ಣಿನ ಹರಳಿನ ಪಂಜರದಲ್ಲಿ ಸಿಕ್ಕಿಕೊಂಡ ಗಂಧಕವೇ ಆ ಬಣ್ಣದ ಗುಟ್ಟು.

ಬೆಲೆ ಇಳಿದ ಮೇಲೆ ಅಲ್ಟ್ರಾಮರೀನ್ ಅಗಸನ ತೊಟ್ಟಿಗೂ ಬಂತು. ಬಿಳಿ ಬಟ್ಟೆ ಹಳೆಯದಾದಂತೆ ಹಳದಿಗೆ ತಿರುಗುತ್ತದೆ. ತುಸು ನೀಲಿ ತಾಗಿದರೆ ಆ ಹಳದಿ ಕಣ್ಣಿಗೆ ಕಾಣದಾಗುತ್ತದೆ. ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಕಂಪನಿಯ ನೀಲಿ ಹೀಗೆ ಜಗತ್ತಿನ ಅಂಗಡಿಗಳನ್ನು ಸೇರಿತು. ನಮ್ಮ ಕಿರಾಣಿ ಅಂಗಡಿಯ ನೀಲಿ ಪುಡಿಯ ಪೊಟ್ಟಣವೂ ಈ ವಂಶದ್ದೇ. ಇಂದಿನ ದ್ರವರೂಪದ ನೀಲಿಗಳು ಬೇರೆ ರಾಸಾಯನಿಕ ಬಣ್ಣಗಳು, ಆ ಮಾತು ಬೇರೆ. ಬಟ್ಟೆಗೆ ತಂದ ಪೊಟ್ಟಣ ಸುಣ್ಣದ ಬಕೆಟ್ಟಿಗೆ ಬೀಳಲು ತಡವಾಗಲಿಲ್ಲ. ಚಿಟಿಕೆ ಹಾಕಿದರೆ ಸುಣ್ಣ ಇನ್ನಷ್ಟು ಬೆಳ್ಳಗೆ, ಹಿಡಿ ಹಾಕಿದರೆ ಆಕಾಶ ಬಣ್ಣ, ಇನ್ನೂ ಸುರಿದರೆ ಕಡುನೀಲಿ.

ಆದರೆ ಸುರಿಯುವುದಕ್ಕೂ ಮಿತಿಯುಂಟು. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣದ ಕಣಗಳನ್ನು ಹಿಡಿದಿಡುವುದು ಆ ಕಲ್ಲೇ. ಪುಡಿ ಹೆಚ್ಚಾಯಿತೋ, ಹಿಡಿತ ಸಾಲದೆ ಒರಗಿದವರ ಬೆನ್ನಿಗೆಲ್ಲ ನೀಲಿ. ಅದಕ್ಕೇ ಅನುಭವಸ್ಥರು ಗೋಂದನ್ನೋ ಗಂಜಿಯನ್ನೋ ಬೆರೆಸಿ, ತೆಳುವಾಗಿ ಎರಡು ಮೂರು ಸಲ ಬಳಿಯುತ್ತಿದ್ದರು. ಹಸಿ ಗೋಡೆಯ ಬಣ್ಣ ನೋಡಿ ಮೋಸ ಹೋಗಬಾರದು. ಒಣಗಿದಾಗ ಅದು ಬಹಳ ತಿಳಿಯಾಗುತ್ತದೆ.

ಇನ್ನೊಂದು ಅಗ್ಗದ ನೀಲಿಯೂ ಉಂಟು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅದರ ಪರಿಚಯ ಹೇಳಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತಕ್ಕೆ ಸುಣ್ಣ ಸೇರಿಸಿದ್ದೇ. ಜೋಧಪುರದ ಹಳೆಯ ನೀಲಿ ಮನೆಗಳ ಸುಣ್ಣದಲ್ಲಿಯೂ ಗೆದ್ದಲು ಬಾರದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು ಎನ್ನುವವರಿದ್ದಾರೆ. ತಂಪಿಗಾಗಿ ಎನ್ನುವವರೂ, ಬ್ರಾಹ್ಮಣರ ಮನೆಗಳ ಗುರುತಿಗಾಗಿ ಎನ್ನುವವರೂ ಇದ್ದಾರೆ. ಇತ್ತ, ಅಂಬೇಡ್ಕರರು 1942ರಲ್ಲಿ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟ ನೀಲಿಯಾಗಿತ್ತು. ಅಂದಿನಿಂದ ದೇಶದ ಎಷ್ಟೋ ಕೇರಿಗಳಲ್ಲಿ ನೀಲಿ ಸ್ವಾಭಿಮಾನದ ಬಣ್ಣ. ಒಂದೆಡೆ ಮೇಲುಜಾತಿಯ ಗುರುತೆಂದು ಹೇಳಲಾಗುವ ಬಣ್ಣ, ಇನ್ನೊಂದೆಡೆ ಆ ಮೇಲುಕೀಳನ್ನೇ ಪ್ರಶ್ನಿಸುವ ಬಣ್ಣವಾಗಿದೆ.

ಸಂಜೆ ದೀಪ ಹಚ್ಚುವ ಮುನ್ನ ನೀಲಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಕೆಮ್ಮಣ್ಣಿನ ಪಟ್ಟಿ ಕಪ್ಪಾಗುತ್ತ ಹೋದರೂ ಗೋಡೆಯ ನೀಲಿ ಬೆಳಗುತ್ತಲೇ ಇರುತ್ತದೆ. ಬೆಳಕು ಕುಂದಿದಾಗ ನಮ್ಮ ಕಣ್ಣು ಕೆಂಪಿಗಿಂತ ನೀಲಿಯನ್ನು ಚೆನ್ನಾಗಿ ಗ್ರಹಿಸುತ್ತದೆ. ಇದನ್ನು ಗುರುತಿಸಿದ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರೇ ಈ ಪರಿಣಾಮಕ್ಕಿದೆ. ದೀಪ ಹಚ್ಚಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಬುಡ್ಡಿದೀಪದ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಗೋಡೆ ಮಂಕಾಗಿ ಹಿಂದೆ ಸರಿಯುತ್ತದೆ. ಇಂದಿನ ಬೆಳ್ಳನೆಯ ಎಲ್‌ಇಡಿ ದೀಪದಲ್ಲಿ ನೀಲಿ ಧಾರಾಳವಾಗಿರುವುದರಿಂದ ಅದೇ ಗೋಡೆ ಕಣ್ಣು ಕುಕ್ಕಬಹುದು. ಬಣ್ಣ ಆರಿಸುವವರು ಅಂಗಡಿಯ ಬೆಳಕನ್ನು ನಂಬದೆ, ತಮ್ಮ ಮನೆಯ ಬೆಳಕಿನಲ್ಲಿ ನೋಡುವುದು ಲೇಸು.

ಕೊನೆಗೊಂದು ಎಚ್ಚರಿಕೆಯ ಮಾತು. ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆ ನೆಲದಿಂದ ತೇವ ಹೀರಿ, ಅದನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸುಣ್ಣದ ಲೇಪ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಅದರ ಮೇಲೆ ಎಣ್ಣೆಬಣ್ಣವನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಕೆಲವು ಮಳೆಗಾಲಗಳಲ್ಲೇ ಗಾರೆ ಉದುರತೊಡಗುತ್ತದೆ. ಅಜ್ಜನ ಮನೆಯನ್ನು ಚೆಂದ ಮಾಡಲು ಹೋಗಿ ಕೆಡಿಸಿಕೊಂಡವರು ಎಷ್ಟೋ ಮಂದಿ. ಅಂಥ ಮನೆಗೆ ಗಾಢ ನೀಲಿಯೇ ಬೇಕೆಂದಿದ್ದರೆ ಸುಣ್ಣದಲ್ಲೇ ಬಳಿಸಿ. ಮೊದಲು ಮೂಲೆಯಲ್ಲಿ ಒಂದು ಗೇಣು ಬಳಿದು, ಎರಡು ದಿನ ಒಣಗಲು ಬಿಟ್ಟು ನೋಡಿ. ಸುಣ್ಣ ಕಣ್ಣಿಗೆ ಸಿಡಿಯದಂತೆ ಜಾಗ್ರತೆ ವಹಿಸಿ. ವರ್ಷ ಕಳೆದಂತೆ ಬಣ್ಣ ಮಾಸಬಹುದು, ಆದರೆ ಗೋಡೆ ಉಳಿಯುತ್ತದೆ. ಮಾಸಿದಾಗ ಮುಂದಿನ ಹಬ್ಬ ಹೇಗೂ ಬರುತ್ತದೆ.