ಗೋಕರ್ಣದ ಗುಡ್ಡದ ದಾರಿ

ಗೋಕರ್ಣಕ್ಕೆ ಬರುವ ಯಾತ್ರಿಕರು ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಮುಗಿಸಿ ಬಸ್ಸು ಹತ್ತುವುದೇ ಹೆಚ್ಚು. ಕಡಲಂಚಿನ ರಾಮತೀರ್ಥದ ಬಳಿ ಮೆಟ್ಟಿಲೇರಿ, ಗುಡ್ಡದ ಮೇಲೆ ದಕ್ಷಿಣಕ್ಕೆ ನಡೆದರೆ ಕುಡ್ಲೆ, ಮುಂದೆ ಓಂ, ಅದರಾಚೆ ಅರ್ಧಚಂದ್ರ ಕಡಲತೀರ. ಎರಡು ಕಮಾನುಗಳ ನಡುವೆ ಬಂಡೆ ಚಾಚಿ ಓಂಕಾರದ ಆಕಾರ ಬಂದಿರುವುದು ಮೇಲಿನಿಂದ ನೋಡಿದಾಗಲೇ ತಿಳಿಯುವುದು.

ಗುಡ್ಡದ ನೆತ್ತಿಯಲ್ಲಿ ಕಾಲಿಗೆ ಸಿಗುವುದು ಚಿರೆಕಲ್ಲು. ತೂತು ತೂತಾದ ಈ ಕಲ್ಲು ಮಳೆನೀರನ್ನು ಹೀರುತ್ತದೆ. ಹೀರಿದ್ದು ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಉಪ್ಪುನೀರಿನ ಕೂಗಳತೆಯಲ್ಲೇ ರಾಮತೀರ್ಥದ ಸಿಹಿನೀರು ಸುರಿಯುವ ಗುಟ್ಟು ಇದೇ. ನೆತ್ತಿಯನ್ನು ಕಡಿದು ಕಟ್ಟಡ ಎಬ್ಬಿಸುತ್ತ ಹೋದರೆ ಒರತೆಗೆ ನೀರು ಎಲ್ಲಿಂದ ಬರಬೇಕು?

ಓಂ ತೀರದಾಚೆ ದಾರಿ ಬಂಡೆಯಂಚಿನಲ್ಲಿ ಕಿರಿದಾಗುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವುದರಿಂದ ಆಗ ಅಲ್ಲಿಂದಲೇ ಮರಳುವುದು ಲೇಸು.