ಪಂಪು ಬದಲಿಸುವ ಮುನ್ನ ಒತ್ತಡವನ್ನು ಅಳೆಯಬೇಕು

ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಿಂದ ಕೊಲ್ಲೂರಿನ ರಸ್ತೆ ಕವಲೊಡೆಯುತ್ತದೆ. ಶ್ರೀ ಮೂಕಾಂಬಿಕೆಯ ದರ್ಶನಕ್ಕೆ ತೆರಳುವ ಯಾತ್ರಿಕರನ್ನು ನಂಬಿ ಇಲ್ಲಿ ಅನೇಕ ಬಾಡಿಗೆ ಕಾರುಗಳು ಓಡುತ್ತವೆ. ನವರಾತ್ರಿಯ ದಿನಗಳಲ್ಲಿ ಇಂತಹ ಕಾರೊಂದು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ, ದುರಸ್ತಿಯ ಬಿಲ್ಲು ಮಾತ್ರ ಲೆಕ್ಕಪುಸ್ತಕಕ್ಕೆ ಏರುತ್ತದೆ. ಕೈತಪ್ಪಿದ ಬಾಡಿಗೆ ಯಾವ ಖಾತೆಯಲ್ಲಿಯೂ ಕಾಣದು. ಪಂಪು ಬದಲಿಸಿದ ಮೇಲೂ ಅದೇ ದೋಷ ಮರುಕಳಿಸಿದರಂತೂ ನಷ್ಟ ಇಮ್ಮಡಿ.

2000ದ ಸುಮಾರಿಗೆ ನಮ್ಮ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಎಂಪಿಎಫ್‌ಐ ವ್ಯವಸ್ಥೆ ಆಕ್ರಮಿಸತೊಡಗಿತು. ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪು ಪೆಟ್ರೋಲನ್ನು ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಇಂಜೆಕ್ಟರುಗಳಿಗೆ ತಲುಪಿಸುತ್ತದೆ. ನಿಖರ ಅಂಕಿಯನ್ನು ಆಯಾ ಮಾದರಿಯ ಸರ್ವಿಸ್ ಕೈಪಿಡಿಯಿಂದಲೇ ತಿಳಿಯಬೇಕು.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಕೀಲಿ ತಿರುಗಿಸಿದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡು ಸಣ್ಣ ಗುಂಯ್‌ಗುಟ್ಟುವ ಸದ್ದು ಕೇಳಬೇಕು. ಕೇಳಿಸದಿದ್ದರೆ ಪಂಪು ಕೆಟ್ಟಿತೆಂದು ತೀರ್ಮಾನಿಸಲಾಗದು. ಫ್ಯೂಸ್ ಸುಟ್ಟಿರಬಹುದು, ರಿಲೇ ಕೈಕೊಟ್ಟಿರಬಹುದು. ಕರಾವಳಿಯ ಉಪ್ಪುಗಾಳಿಗೆ ಅರ್ತಿಂಗ್ ತಂತಿಯ ಜೋಡಣೆ ತುಕ್ಕು ಹಿಡಿಯುವುದೂ ಉಂಟು. ಆದ್ದರಿಂದ ಪಂಪಿನ ಕನೆಕ್ಟರಿನಲ್ಲಿ, ಪಂಪು ಚಾಲನೆಯಲ್ಲಿರುವಾಗಲೇ, ವೋಲ್ಟೇಜ್ ಅಳೆಯಬೇಕು. ಬ್ಯಾಟರಿಯಲ್ಲಿ 12 ಇದ್ದು ಪಂಪಿಗೆ 9 ಮಾತ್ರ ತಲುಪುತ್ತಿದ್ದರೆ ದೋಷ ತಂತಿಯಲ್ಲಿದೆ. ಹೊಸ ಪಂಪು ಹಾಕಿದರೂ ಅದು ದುರ್ಬಲವಾಗಿಯೇ ತಿರುಗುತ್ತದೆ. ರಿಲೇಗೆ ನೂರರ ಲೆಕ್ಕ, ಪಂಪಿಗೆ ಸಾವಿರದ ಲೆಕ್ಕ. ಬಿಡಿಭಾಗದ ಮೇಲಿನ ಜಿಎಸ್‌ಟಿ ಬೇರೆ. ನೋಂದಣಿ ಇಲ್ಲದ ಸಣ್ಣ ಮಾಲೀಕನಿಗೆ ಆ ತೆರಿಗೆ ಪೂರ್ತಿ ವೆಚ್ಚವೇ.

ಪಂಪು ತಿರುಗುತ್ತಿದ್ದೂ ಗಾಡಿಗೆ ಪಿಕಪ್ ಇಲ್ಲದಿದ್ದರೆ ಒತ್ತಡದ ಗೇಜು ಅನಿವಾರ್ಯ. ಇದನ್ನು ಅನುಭವಿ ಮೆಕ್ಯಾನಿಕ್ ಮಾಡುವುದೇ ಲೇಸು. ಒತ್ತಡ ಇಳಿಸದೆ ಪೈಪು ಬಿಚ್ಚಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ನಿಂತಲ್ಲಿ ಒತ್ತಡ ಸರಿಯಿದ್ದು, ಏರುಹಾದಿಯಲ್ಲಿ ಎಕ್ಸಲರೇಟರ್ ಒತ್ತಿದಾಗ ಕುಸಿದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪು ಸವೆದಿದೆ. ಸಮತಟ್ಟಾದ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ಕಾರು ಏರಿನಲ್ಲಿ ಮುಗ್ಗರಿಸುವುದಕ್ಕೆ ಇದೊಂದು ಕಾರಣ. ಒತ್ತಡ ಕುಸಿಯದಿದ್ದರೆ ಇಗ್ನಿಶನ್ ಕಾಯಿಲ್, ಏರ್ ಫಿಲ್ಟರ್‌ಗಳತ್ತ ನೋಡಬೇಕು, ಪಂಪು ನಿರಪರಾಧಿ.

ಎಂಜಿನ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಬಹಳ ಹೊತ್ತು ನಿಲ್ಲಬೇಕು. ಕೆಲವೇ ನಿಮಿಷಗಳಲ್ಲಿ ಇಳಿದರೆ ಪಂಪಿನೊಳಗಿನ ತಡೆಕವಾಟವೋ, ರೆಗ್ಯುಲೇಟರೋ, ಇಂಜೆಕ್ಟರೋ ಸೋರುತ್ತಿದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುವ ಕಾರುಗಳಲ್ಲಿ ಇದನ್ನು ಮೊದಲು ಶಂಕಿಸಬೇಕು.

ಡೀಸೆಲ್ ಕಾರುಗಳ ಮಾತು ಬೇರೆ. ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 1,000 ಬಾರ್ ಮೀರುತ್ತದೆ. ಅದರ ಪೈಪಿಗೆ ರಸ್ತೆಬದಿಯಲ್ಲಿ ಕೈ ಹಾಕಲೇಬಾರದು.

ಟ್ಯಾಂಕಿನ ಪೆಟ್ರೋಲೇ ಪಂಪನ್ನು ತಂಪಾಗಿಡುತ್ತದೆ. ದಿನದ ಬಾಡಿಗೆ ಬಂದ ಮೇಲೆ ನೂರು ರೂಪಾಯಿಯದನ್ನು ಹಾಕಿಸುವ, ಮುಳ್ಳು ಸದಾ ಕೆಂಪಿನಲ್ಲೇ ಇರುವ ಗಾಡಿಗಳ ಪಂಪು ಬೇಗ ಸವೆಯುವುದು ಸಹಜ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕನ್ನು ಕಾಲುಭಾಗಕ್ಕಿಂತ ಕೆಳಗೆ ಇಳಿಸದಿರುವುದು ಒಳಿತು.