ನಿಮಗಿದು ಗೊತ್ತೆ? ಗಟ್ಟಿ ಚಿಪ್ ಮಾಡಿಯೂ ಸೋತ ಜಪಾನ್

1988ರ ಸುಮಾರಿಗೆ ಜಗತ್ತಿನ ಸೆಮಿಕಂಡಕ್ಟರ್ ಮಾರಾಟದಲ್ಲಿ ಸರಿಸುಮಾರು ಅರ್ಧ ಪಾಲು ಜಪಾನಿನದಾಗಿತ್ತು. ಆ ಪೈಪೋಟಿ ತಾಳಲಾರದೆ ಅಮೆರಿಕದ ಇಂಟೆಲ್ 1985ರಲ್ಲೇ ಡಿ-ರ್‍ಯಾಮ್ ಮೆಮೊರಿ ಚಿಪ್ ತಯಾರಿಕೆಯನ್ನು ಕೈಬಿಟ್ಟಿತ್ತು. ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳಿಗೆ ವರ್ಷಗಟ್ಟಲೆ ಕೆಡದ ಚಿಪ್ ಒದಗಿಸುವುದರಲ್ಲಿ ಜಪಾನಿಗರದು ಎತ್ತಿದ ಕೈ. ಆದರೆ ಮಾರುಕಟ್ಟೆ ಪಿಸಿಯತ್ತ ಹೊರಳಿತು. ಕೆಲವೇ ವರ್ಷಗಳಲ್ಲಿ ಹಳತಾಗುವ ಆ ಯಂತ್ರಕ್ಕೆ ಬೇಕಿದ್ದದ್ದು ಅಗ್ಗದ ಚಿಪ್. 1983ರಲ್ಲಿ ಡಿ-ರ್‍ಯಾಮ್ ಕಣಕ್ಕಿಳಿದ ದಕ್ಷಿಣ ಕೊರಿಯದ ಸ್ಯಾಮ್‌ಸಂಗ್, ಬೆಲೆ ಕುಸಿದಾಗಲೂ ಹೊಸ ಕಾರ್ಖಾನೆಗಳಿಗೆ ಹಣ ಸುರಿದು ಮುಂದೆ ಸಾಗಿತು.

1986ರ ಅಮೆರಿಕ-ಜಪಾನ್ ಸೆಮಿಕಂಡಕ್ಟರ್ ಒಪ್ಪಂದವೇ ಜಪಾನಿನ ಕೈ ಕಟ್ಟಿಹಾಕಿತು ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಬೆಲೆ ಇಳಿಸದಂತೆ ಆ ಒಪ್ಪಂದ ಜಪಾನಿಗೆ ಒಡ್ಡಿದ ತಡೆ ಕೊರಿಯಕ್ಕೆ ಅನುಕೂಲವಾಯಿತು. ಆದರೆ 1996ರಲ್ಲಿ ಒಪ್ಪಂದದ ಅವಧಿ ಮುಗಿದ ಮೇಲೂ ಕುಸಿತ ನಿಲ್ಲಲಿಲ್ಲ. ಎನ್‌ಇಸಿ ಮತ್ತು ಹಿಟಾಚಿ ಎಂಬ ಜಪಾನಿ ಕಂಪನಿಗಳ ಮೆಮೊರಿ ವಿಭಾಗಗಳು ಕೂಡಿ ಹುಟ್ಟಿದ ಎಲ್ಪಿಡಾ 2012ರಲ್ಲಿ ದಿವಾಳಿಯಾಗಿ, ಮರುವರ್ಷ ಅಮೆರಿಕದ ಮೈಕ್ರಾನ್ ಪಾಲಾಯಿತು. ಹಾಗೆಂದು ಜಪಾನ್ ಎಲ್ಲವನ್ನೂ ಕಳೆದುಕೊಂಡಿಲ್ಲ. ಸಿಲಿಕಾನ್ ವೇಫರ್ ಹಾಗೂ ಚಿಪ್ ತಯಾರಿಕೆಯ ರಾಸಾಯನಿಕಗಳಲ್ಲಿ ಅದು ಇಂದಿಗೂ ಮುಂಚೂಣಿಯಲ್ಲಿದೆ. 2019ರಲ್ಲಿ ಅದು ಫೋಟೊರೆಸಿಸ್ಟ್ ಸೇರಿ ಇಂಥ ಮೂರು ಸಾಮಗ್ರಿಗಳ ರಫ್ತು ನಿಯಮ ಬಿಗಿ ಮಾಡಿದಾಗ ಗಾಬರಿಬಿದ್ದದ್ದು ಗೆದ್ದ ಕೊರಿಯವೇ!